ಲಾಭ, ಎರಡು, ಮೂರು

ಸತ್ತ ಮೇಲೆ ಯಮನೂರಪ್ಪನ ಉಸಿರು ಸುಧಾರಿಸತೊಡಗಿತು.

ಹೀಗೆಂದರೆ ಯಾರಾದರೂ ನಕ್ಕಾರು. ಆದರೆ ಹುಬ್ಬಳ್ಳಿಯ ಆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಉಸಿರು ಸಂಶೋಧನಾ ಘಟಕದ ಪರದೆಯ ಮೇಲೆ, ಅದು ನೀಲಿ ಗೆರೆಯಾಗಿ ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆಸ್ಪತ್ರೆ ಬಿಟ್ಟ ದಿನ ಅವನು ಒಂದೇ ಉಸಿರಿನಲ್ಲಿ ಎಣಿಸಿದ್ದು ಆರರವರೆಗೆ. ಮಣ್ಣಾಗಿ ಎರಡು ವಾರಕ್ಕೆ ಏಳು. ಆಮೇಲೆ ಒಂಬತ್ತು, ಹನ್ನೆರಡು, ಹದಿನೈದು. ದಿನಾ ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಅದನ್ನು ಕೇಳುತ್ತಿದ್ದವಳು ಅವನ ಒಡಹುಟ್ಟಿದ ತಂಗಿ, ಅದೇ ಘಟಕದ ಸಿಸ್ಟರ್ ಮಹಾನಂದಾ ಬೂದಿಹಾಳ.

ಯಮನೂರಪ್ಪ ಇಳಕಲ್ಲಿನ ಕಡೆ ಕಲ್ಲು ಕೊರೆಯುವ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದವನು. ಕಲ್ಲಿನ ಧೂಳು ಎದೆಯೊಳಗೆ ಕೂತು, ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಆ ರೋಗಕ್ಕೆ ಮದ್ದಿಲ್ಲ. ಮದ್ದು ಸಿಕ್ಕೀತು ಎಂಬ ಆಸೆಗೆ ಇಟ್ಟ ಹೆಸರು ಎನ್-ನಲವತ್ತು. ಇನ್ನೂರ ನಲವತ್ತು ರೋಗಿಗಳು. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಕೊಡುವ ಸಿಸ್ಟರಿಗೂ ಗೊತ್ತಿಲ್ಲ. ಅಣ್ಣನನ್ನು ಊರಿನಿಂದ ಕರೆತಂದು ಇದಕ್ಕೆ ಸೇರಿಸಿದವಳು ಮಹಾನಂದಾ. ಮೊದಲ ಗುಳಿಗೆಯನ್ನು ಅಂಗೈಗೆ ಹಾಕಿದವಳೂ ಅವಳೇ. ರಕ್ತಸಂಬಂಧಿಯ ಅಳತೆಯನ್ನು ಬೇರೆ ಸಿಸ್ಟರ್ ತೆಗೆಯಬೇಕೆಂಬ ನಿಯಮವೊಂದಿತ್ತು. ಕೆಲಸಕ್ಕೆ ಜನ ಕಡಿಮೆ, ನಿಯಮ ಗೋಡೆಯ ಮೇಲೇ ಉಳಿಯಿತು.

ಅಳತೆ ಬಹಳ ಸರಳ. ಬೆಳಿಗ್ಗೆ ಏಳಕ್ಕೆ ಪ್ರತಿ ರೋಗಿಗೂ ಯಂತ್ರದಿಂದ ಫೋನ್ ಹೋಗುತ್ತದೆ; ಆಸ್ಪತ್ರೆಯಲ್ಲಿ ಇದ್ದವರನ್ನು ಸಿಸ್ಟರೇ ಎದುರು ಕೂರಿಸಿಕೊಳ್ಳುತ್ತಾಳೆ. ಎದೆ ತುಂಬ ಉಸಿರು ತೆಗೆದುಕೊಂಡು, ಬಿಡುತ್ತಾ, ಆದಷ್ಟು ದೂರ ಎಣಿಸಬೇಕು. ಗಟ್ಟಿಮುಟ್ಟಾದವರು ನಲವತ್ತರ ಹತ್ತಿರ ಹೋಗುತ್ತಾರೆ. ಕಲ್ಲಿನ ಎದೆಯವರು ಹತ್ತು ಹನ್ನೆರಡಕ್ಕೆ ಕೆಮ್ಮಿ ನಿಲ್ಲುತ್ತಾರೆ. ಅಂಕಿಯ ಜೊತೆ ದನಿಯನ್ನೂ ಇಟ್ಟುಕೊಳ್ಳುತ್ತಿದ್ದರು, ಏಕೆಂದರೆ ಎಣಿಕೆಯ ಹಿಂದಿನ ಸೀಟಿ, ಗೊರಗೊರ ಎಲ್ಲವೂ ವೈದ್ಯರಿಗೆ ಬೇಕು. ಎಲ್ಲರೂ ಒಂದು, ಎರಡು ಎಂದು ಶುರುಮಾಡಿದರೆ ಯಮನೂರಪ್ಪ ಮಾತ್ರ "ಲಾಭ, ಎರಡು, ಮೂರು" ಅನ್ನುತ್ತಿದ್ದ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುವುದು ರೂಢಿ. ಅವರಪ್ಪ ಹಾಗೆ ಅಳೆಯುತ್ತಿದ್ದ. ಮಗನಿಗೆ ಎಣಿಕೆ ಬಂದದ್ದೇ ಅಲ್ಲಿಂದ.

"ಅಣ್ಣಾ, ಇದು ಜ್ವಾಳ ಅಳಿಯೂದಲ್ಲೋ," ಎಂದು ಮಹಾನಂದಾ ಒಮ್ಮೆ ರೇಗಿದ್ದಳು.

"ಉಸರು ಅಳಿಯಾಕಂತ ನೀನ ಕುಂದ್ರಿಸೀದಿ ತಂಗಿ. ಅಳತಿ ಅಂದಮ್ಯಾಲ ಲಾಭದಿಂದಾನ ಹಿಡೀಬೇಕು," ಎಂದು ಅವನು ನಕ್ಕು, ನಕ್ಕಿದ್ದಕ್ಕೆ ಐದು ನಿಮಿಷ ಕೆಮ್ಮಿದ್ದ.

ಇನ್ನು ಸತ್ತವನು ಎಣಿಸುವುದು ಹೇಗೆ ಎಂಬ ಮಾತು. ಔಷಧದ ಯಾವ ಪರೀಕ್ಷೆಯಲ್ಲೂ ಕೆಲವರು ನಡುವೆ ಬಿಟ್ಟುಹೋಗುತ್ತಾರೆ. ಅವರ ಅಂಕಿಗಳ ಜಾಗ ಖಾಲಿ ಉಳಿಯುತ್ತದೆ, ಲೆಕ್ಕ ಕುಂಟುತ್ತದೆ. ಹಿಂದೆಲ್ಲ ಕೊನೆಯ ಅಂಕಿಯನ್ನೇ ಮುಂದಕ್ಕೆ ಎಳೆಯುತ್ತಿದ್ದರು. ಆಮೇಲೆ 'ಪೂರಕ' ಬಂತು. ಬಿಟ್ಟುಹೋದವನ ವಯಸ್ಸು, ತೂಕ, ರೋಗ, ಹಳೆಯ ದನಿ ಎಲ್ಲವನ್ನೂ ನೋಡಿ, ಅವನಂಥವರು ಈಗ ಹೇಗಿದ್ದಾರೆ ಎಂದು ಹುಡುಕಿ, ಅವನು ಇದ್ದಿದ್ದರೆ ಇವತ್ತು ಎಷ್ಟು ಎಣಿಸುತ್ತಿದ್ದ ಎಂಬುದನ್ನು ಅವನದೇ ದನಿಯಲ್ಲಿ ಕಟ್ಟಿಕೊಡುವ ಯಂತ್ರ ಅದು. ಅಂಥ ಧ್ವನಿಯ ಪಕ್ಕ ಒಂದು ನೀಲಿ ಚುಕ್ಕೆ ಇರುತ್ತಿತ್ತು, ಅಷ್ಟೇ ಗುರುತು. ಸಿಸ್ಟರುಗಳು ಆ ಯಂತ್ರಕ್ಕೆ ತುಂಬವ್ವ ಎಂದು ಹೆಸರಿಟ್ಟಿದ್ದರು. ಖಾಲಿ ಇದ್ದಲ್ಲೆಲ್ಲ ತುಂಬುವವಳು ತುಂಬವ್ವ.

ಅಣ್ಣನ ದಿನಕರ್ಮ ಮುಗಿಸಿ ಕೆಲಸಕ್ಕೆ ಮರಳಿದ ಬೆಳಿಗ್ಗೆ, ಧ್ವನಿಗಳ ಗುಣಮಟ್ಟ ನೋಡುವುದು ಮಹಾನಂದಾಳ ಪಾಳಿ. ಪಟ್ಟಿಯಲ್ಲಿ ನೂರ ಹದಿಮೂರನೇ ರೋಗಿ ಎಂದು ಒತ್ತಿದಳು. "ಲಾಭ, ಎರಡು, ಮೂರು..." ಅವಳು ನಿಲ್ಲಿಸಿ, ಮತ್ತೆ ಮೊದಲಿನಿಂದ ಹಚ್ಚಿದಳು. ತಪ್ಪು ಎಲ್ಲಿ ಎಂದು ಅವಳಿಗೆ ಗೊತ್ತಿತ್ತು, ಏಕೆಂದರೆ ಫಾರಂ ತುಂಬಿದವಳು ಅವಳೇ. ನಮ್ಮ ಕಡೆ ರೋಗಿ ಉಳಿಯುವುದಿಲ್ಲ ಎಂದು ಕಂಡರೆ ಆಸ್ಪತ್ರೆಯಲ್ಲಿ ಬಿಡುವುದಿಲ್ಲ. ಪ್ರಾಣ ಮನೆಯಲ್ಲಿ ಹೋಗಲಿ ಎಂದು, ಸಲಾಯಿನ್ ಬಿಚ್ಚಿಸಿ, ಬಾಡಿಗೆ ಗಾಡಿ ಮಾಡಿ, ಊರಿಗೆ ಒಯ್ಯುತ್ತಾರೆ. ಅಣ್ಣನನ್ನೂ ಹಾಗೇ ಒಯ್ದರು. ಗಾಡಿ ಹೊರಟಾಗ ಅವನಿಗೆ ಜೀವ ಇತ್ತು. ಫಾರಂನಲ್ಲಿ ಅವಳು ಬರೆದದ್ದು ಮೂರು. ಮೂರು ಅಂದರೆ 'ಸ್ವಇಚ್ಛೆಯಿಂದ ಬಿಟ್ಟುಹೋದವರು'. ಐದು ಅಂದರೆ 'ತೀರಿಕೊಂಡವರು', ಅವರನ್ನು ತುಂಬವ್ವ ಮುಟ್ಟುವುದಿಲ್ಲ. ಮರುದಿನ ಸಂಜೆ ಅವನು ತೀರಿಕೊಂಡ. ಮೂರನ್ನು ಅಳಿಸಿ ಐದು ಮಾಡಲು ಅರ್ಧ ನಿಮಿಷ ಸಾಕಿತ್ತು. ಆ ದನಿ ಕೇಳಿದ ಮೇಲೆ ಅವಳ ಕೈ ಏಳಲಿಲ್ಲ. ನಾಳೆ ಮಾಡಿದರಾಯಿತು ಅಂದುಕೊಂಡಳು. ಆ ನಾಳೆಗೆ ಐದು ತಿಂಗಳಾಯಿತು.

ಇದರ ನಡುವೆ ಬಂದವರು ಇನಾಮದಾರ ಸರ್. ಅಂಕಿ ತುಂಬುವ ಸಿಸ್ಟರುಗಳಿಗೆ ಸಂಖ್ಯಾಶಾಸ್ತ್ರದ ಅ ಆ ಇ ಈ ಆದರೂ ಬರಬೇಕು ಎಂದು ಮೇಲಿನಿಂದ ಆದೇಶವಾಗಿತ್ತು. ಬಷೀರ್ ಇನಾಮದಾರರು ಈ ಪರೀಕ್ಷೆಯ ಸಂಖ್ಯಾತಜ್ಞರು. ಯಾರಿಗೆ ಯಾವ ಗುಳಿಗೆ ಎಂಬ ಗುಟ್ಟಿನ ಪಟ್ಟಿಯನ್ನು ತೆರೆಯುವ ಅಧಿಕಾರ ಇದ್ದದ್ದು ಅವರೊಬ್ಬರಿಗೇ. ಬುಧವಾರ ನಾಲ್ಕಕ್ಕೆ ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚುಗಳ ಮೇಲೆ ಅವರ ಪಾಠ. ಮೊದಲ ದಿನ ಬೋರ್ಡಿನ ಮೇಲೆ ಎರಡು ಚೌಕ ಬರೆದು, ಒಂದರಲ್ಲಿ ಸೊನ್ನೆ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟರು.

"ಇವೆರಡೂ ಒಂದನ ಏನ್ರಿ?"

"ಎರಡರಾಗೂ ಏನೂ ಇಲ್ಲಲ್ರಿ ಸರ್," ಎಂದಳು ಮಹಾನಂದಾ.

"ಅಲ್ಲವ್ವಾ. ಇದು ಸೊನ್ನಿ. ನಾವು ಹೋಗಿ ನೋಡೇವಿ, ಏನೂ ಇಲ್ಲ ಅನ್ನೂದು ಗೊತ್ತೈತಿ. ಇದು ಖಾಲಿ. ನಾವು ನೋಡೇ ಇಲ್ಲ. ಗೊತ್ತಿದ್ದಲ್ಲಿ ಖಾಲಿ ಬಿಡಬಾರ್ದು, ಗೊತ್ತಿಲ್ಲದಲ್ಲಿ ಸೊನ್ನಿ ಬರೀಬಾರ್ದು. ನನ್ನ ವಿದ್ಯಾ ಇಷ್ಟ. ಉಳಿದದ್ದೆಲ್ಲಾ ಕೂಡಿಸೂದು, ಭಾಗಾಕಾರ."

ಉಳಿದವರು ನಕ್ಕರು. ಮಹಾನಂದಾ ಆ ಖಾಲಿ ಚೌಕವನ್ನೇ ನೋಡುತ್ತಾ ಕೂತಳು.

ಸರಾಸರಿ ಕಲಿಸಿದ ವಾರ, ಮನೆಯವರ ಉಸಿರು ಅಳೆದುಕೊಂಡು ಬರಲು ಹೇಳಿದರು. ಮಹಾನಂದಾಳ ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವಳ ಅವ್ವ ಹುಲಿಗೆವ್ವ. ಮಗ ಹೋದ ಮೇಲೆ ಊರ ಮನೆಗೆ ಬೀಗ ಹಾಕಿ ಅವ್ವ ಮಗಳ ಬಾಡಿಗೆ ಮನೆಗೆ ಬಂದಿದ್ದಳು. ರೊಟ್ಟಿ ಬಡಿಯುತ್ತಲೇ ಇಪ್ಪತ್ತಮೂರರವರೆಗೆ ಎಣಿಸಿದಳು. ಮಗಳದು ಮೂವತ್ತೇಳು.

"ಇದನ್ಯಾಕ ಬರಕೊಳ್ತಿ?"

"ಪಾಠ ಐತಿ ಬೇ. ಇಬ್ಬರದೂ ಕೂಡಿಸಿ ಅರ್ಧಾ ಮಾಡಿದ್ರ ಮೂವತ್ತು."

"ಮೂವತ್ತು ಯಾರ ಉಸರು? ನಂದಲ್ಲ, ನಿಂದೂ ಅಲ್ಲ," ಎಂದು ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಬುಧವಾರ ಇದನ್ನು ಹೇಳಿದಾಗ ಇನಾಮದಾರರು ಬಹಳ ಹೊತ್ತು ನಕ್ಕು, ನಿಮ್ಮವ್ವನ್ನ ಕರಕೊಂಡ ಬರ್ರಿ, ಪಾಠ ಅವರ ಮಾಡ್ಲಿ ಎಂದರು.

ಆಮೇಲೆ ಇನ್ನೊಂದು ಪಾಠ. ಯಾವ ಔಷಧವನ್ನೂ ಮೊದಲು ನಂಬಬಾರದು. ಇದರಿಂದ ಏನೂ ಆಗುವುದಿಲ್ಲ ಎಂದೇ ಹಿಡಿಯಬೇಕು. ಏನೂ ಆಗದಿದ್ದರೆ ಇಂಥ ಅಂಕಿಗಳು ಬರೀ ಅದೃಷ್ಟದಿಂದ ಬರುವ ಸಂಭವ ಎಷ್ಟು ಎಂದು ಕೇಳಬೇಕು. ಆ ಸಂಭವ ತೀರಾ ಕಡಿಮೆ ಎಂದು ಕಂಡಾಗ ಮಾತ್ರ ಹೌದು, ಏನೋ ಇದೆ ಅನ್ನಬಹುದು. ಹುಲಿಗೆಮ್ಮ ದೇವಿಗೆ ಹರಕೆ ಹೊತ್ತು ಅಣ್ಣನಿಗೆ ಗುಳಿಗೆ ಕೊಟ್ಟವಳಿಗೆ ಇದು ಕಹಿಯಾದ ವಿದ್ಯೆ. ಆದರೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಅದು ಹೊರಗೆ ಹೋಗುವ ಜಾತಿಯದಲ್ಲ. ಮುಂಜಾನೆ ಅಣ್ಣನ ದನಿ ಕೇಳುವಾಗಲೂ ಅವಳು ಕೇಳಿಕೊಳ್ಳತೊಡಗಿದಳು: ಏನೂ ಇಲ್ಲ ಎಂದು ಹಿಡಿದರೆ?

ಅಷ್ಟರಲ್ಲಿ ಅಣ್ಣ ಇಪ್ಪತ್ತೆಂಟಕ್ಕೆ ಬಂದಿದ್ದ. ಸೀಟಿ ನಿಂತಿತ್ತು, ಕೆಮ್ಮು ಇರಲಿಲ್ಲ. ಬದುಕಿದ್ದಾಗ ಒಂದು ದಿನವೂ ಅವನು ಇಷ್ಟು ನಿರಾಳವಾಗಿ ಎಣಿಸಿದ್ದು ಅವಳು ಕೇಳಿರಲಿಲ್ಲ. ಭಾನುವಾರ ರಜೆಯಲ್ಲೂ ಮನೆಯಿಂದಲೇ ಮೊಬೈಲಿನಲ್ಲಿ ತೆರೆದು ಕೇಳುತ್ತಿದ್ದಳು. ಒಮ್ಮೆ ಹೆಡ್‌ಫೋನಿನ ವಯರು ಕಳಚಿ ದನಿ ಕೋಣೆಗೆಲ್ಲ ಕೇಳಿತು. ಒಳಗಿನಿಂದ ಅವ್ವ ಯಾರದು ಅಂದಳು. ಯಾರೋ ಪೇಶಂಟು ಬೇ ಎಂದು ಮಗಳು ಗಡಬಡಿಸಿ ಆರಿಸಿದಳು. ಅವ್ವ ಮತ್ತೆ ಕೇಳಲಿಲ್ಲ.

ಕಾರ್ತಿಕದ ಒಂದು ಗುರುವಾರ ಬೆಳಿಗ್ಗೆ ಮಹಾನಂದಾ ಮಾಮೂಲಿನಂತೆ ಧ್ವನಿಗಳನ್ನು ಒತ್ತುತ್ತಾ ಹೋದಳು. ನೂರ ತೊಂಬತ್ತನೇ ರೋಗಿ, ಗಜೇಂದ್ರಗಡದ ಜೈತುನಬಿ. ಕಲ್ಲಿನ ಕ್ರಷರಿನಲ್ಲಿ ದುಡಿದ ಹೆಂಗಸು, ನಾಲ್ಕು ತಿಂಗಳ ಹಿಂದೆ ಮಗಳು ಬಂದು ಮನೆಗೆ ಕರೆದೊಯ್ದಿದ್ದಳು. ಪಕ್ಕದಲ್ಲಿ ನೀಲಿ ಚುಕ್ಕೆ.

"ಲಾಭ, ಎರಡು, ಮೂರು..." ಎಂದಿತು ಜೈತುನಬಿಯ ದನಿ.

ಜೈತುನಬಿ ಒಂದು ದಿನವೂ ಲಾಭ ಅಂದವಳಲ್ಲ. ಮಹಾನಂದಾ ಮುಂದಿನ ನೀಲಿ ಚುಕ್ಕೆ ಒತ್ತಿದಳು. ರೋಣದ ಮುದುಕ: ಲಾಭ, ಎರಡು. ಮತ್ತೊಂದು: ಲಾಭ, ಎರಡು. ಇಪ್ಪತ್ತೊಂದು ನೀಲಿ ಚುಕ್ಕೆಗಳಲ್ಲಿ ಹದಿನಾರು ದನಿಗಳು, ಗಂಡಸರು, ಹೆಂಗಸರು, ಬೇರೆ ಬೇರೆ ಊರಿನವರು, ಎಲ್ಲರೂ ಅವಳಪ್ಪ ಕಣದಲ್ಲಿ ಎಣಿಸಿದಂತೆ ಎಣಿಸುತ್ತಿದ್ದರು. ಎಲ್ಲರೂ ಮೂರು ಅಂದ ಮೇಲೆ ಒಂದೇ ಕಡೆ ತಡೆಯುತ್ತಿದ್ದರು. ಅದು ಅಣ್ಣನ ತಡೆ. ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಅದರೊಳಗಿನಿಂದ ಸಣ್ಣಗೆ ಇನ್ನೂ ಎಣಿಕೆ ಕೇಳುತ್ತಲೇ ಇತ್ತು.

ಇನಾಮದಾರರು ಬಂದು ಕೇಳಿದರು. ಅವರ ಮುಖ ಇಳಿಯಿತು.

"ತುಂಬಿದ ದನಿನೂ ಖರೇ ದನಿನೂ ಒಂದ ಕಪಾಟಿನ್ಯಾಗ ಇಟ್ಟಾರವ್ವಾ. ಇದು ಒಬ್ಬರನ್ನ ತುಂಬಾಕ ಅವರಂಥಾವ್ರನ್ನ ಹುಡುಕತೈತಿ. ಸಿಗೋರು ಮೊದಲ ಇದ ತುಂಬಿದವ್ರು. ಇಲ್ಲದವ್ರನ್ನ ನೋಡಿ ಇಲ್ಲದವ್ರನ್ನ ತುಂಬಾಕತ್ತೈತಿ." ಕನ್ನಡಕ ತೆಗೆದು ಒರೆಸಿದರು. "ಆದ್ರ ಇವರೆಲ್ಲಾ ಆರಾಮ ಅದಾರಲ್ಲ? ಬ್ಯಾಸರಾಗಿ ಬಿಟ್ಟ ಹೋದವ್ರು ತಾನ? ನೀವ ಮೂರು ಅಂತ ಬರದೀರಿ."

ಮಹಾನಂದಾ ನೀಲಿ ಚುಕ್ಕೆಯವರ ಫೋನ್ ನಂಬರುಗಳನ್ನು ಬರೆದುಕೊಳ್ಳತೊಡಗಿದಳು. ಸೋಮವಾರ ಹನ್ನೊಂದಕ್ಕೆ ಸಮಿತಿ ಕೂಡುವುದಿತ್ತು. ಎನ್-ನಲವತ್ತು ಪಾಸಾದರೆ ಮುಂದಿನ ತಿಂಗಳಿಂದ ರಾಜ್ಯದ ಕಲ್ಲು ಕ್ವಾರಿಗಳ ಸಾವಿರಾರು ಜನ ಅದನ್ನು ನುಂಗುತ್ತಾರೆ. ನೀಲಿ ಗೆರೆಗಳನ್ನು ನೋಡಿ ಎಲ್ಲರೂ ಖುಷಿಯಲ್ಲಿದ್ದರು.

ಅವತ್ತೂ ಮರುದಿನವೂ ಅವಳು ಇಪ್ಪತ್ತು ಮನೆಗಳಿಗೆ ಫೋನ್ ಮಾಡಿದಳು. ಇಪ್ಪತ್ತೊಂದನೆಯ ಮನೆಗೆ ಫೋನ್ ಮಾಡುವ ಅಗತ್ಯ ಇರಲಿಲ್ಲ. ಜೈತುನಬಿಯ ಮಗಳು ಹೇಳಿದಳು: "ಮನಿಗೆ ತಂದ ಮೂರನೇ ದಿನಾನ ಹೋದ್ಳ್ರೀ ಅಮ್ಮ. ನಿಮಗ್ಯಾರೂ ಹೇಳಲಿಲ್ಲೇನ್ರಿ?" ಇನ್ನೊಬ್ಬರದು ದಾರಿಯಲ್ಲೇ, ನರಗುಂದ ದಾಟುವಾಗ. ಇನ್ನೊಬ್ಬರದು ಹೊಸ್ತಿಲ ಒಳಗೆ ಇಳಿಸಿದ ಕೂಡಲೇ. ಒಂದು ಮನೆಯಲ್ಲಿ ಮುದುಕನೇ ಫೋನೆತ್ತಿ, "ಇದ್ದಾರೇನ್ರಿ ಅಂದ್ರ ಏನ? ನಾನ ಮಾತಾಡಾಕತ್ತೀನಿ! ಸಾಯ್ಲಿ ಅಂತ ಕಾಯಾಕತ್ತೀರೇನು?" ಎಂದು ಬೈದ. ಅವನ ಬೈಗುಳ ಕೇಳಿ ಅವಳಿಗೆ ಅಳು ಬಂತು. ಜೀವಂತ ಇದ್ದವರು ಅವನು ಮತ್ತು ಬಾದಾಮಿಯ ಒಬ್ಬಾಕೆ, ಇಬ್ಬರೇ. ಉಳಿದ ಹತ್ತೊಂಬತ್ತು ಜನ ಮಣ್ಣಾಗಿದ್ದರು. ಹತ್ತೊಂಬತ್ತು ಫಾರಂಗಳ ಮೇಲೂ ಮೂರು ಎಂದು ಬರೆದ ಕೈ ಅವಳದೇ.

ಶನಿವಾರ ಮಧ್ಯಾಹ್ನ ಪಟ್ಟಿಯನ್ನು ಇನಾಮದಾರರ ಮುಂದಿಟ್ಟು, ಎಲ್ಲವನ್ನೂ ಹೇಳಿದಳು, ಅಣ್ಣನದನ್ನೂ. ಅವರು ಬೈಯಲಿಲ್ಲ. ಗುಟ್ಟಿನ ಪಟ್ಟಿ ತೆರೆದು, ಬಹಳ ಹೊತ್ತು ಬೆರಳಿನಿಂದ ಎಣಿಸಿದರು.

"ಹತ್ತೊಂಬತ್ತರಾಗ ಹದಿನೈದು ಮಂದಿ ಖರೇ ಗುಳಿಗಿ ತಗೊಂಡವ್ರು," ಎಂದರು. "ನೀವ ಹೇಳ್ರಿ. ಗುಳಿಗಿಯಿಂದ ಏನೂ ಆಗೂದಿಲ್ಲ ಅಂತ ಹಿಡೀರಿ. ರೂಪಾಯಿ ಹತ್ತೊಂಬತ್ತು ಸಲ ಚಿಮ್ಮಿದಂಗ. ಹದಿನೈದು ಸಲ ರಾಜಾನ ಬೀಳೂದು?"

"ನೂರರಾಗ ಒಂದ ಸಲ," ಎಂದಳು ಮಹಾನಂದಾ. ಪಾಠ ಅವಳಿಗೆ ಚೆನ್ನಾಗಿ ಬಂದಿತ್ತು. ಬರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆ ಕ್ಷಣ ಅನ್ನಿಸಿತು. "ಆ ಗುಳಿಗಿ ಉಳಿಸಲಿಲ್ಲ ಸರ್, ಕೊಂದೈತಿ. ಅದನ್ನ ತಗೊಂಡವ್ರಾಗ ಆರಾಮ ಇದ್ದವ್ರಷ್ಟ ಫೋನ್ ಎತ್ತಿದ್ರು. ತುಂಬವ್ವ ಅವರನ್ನ ನೋಡಿ ಹೋದವ್ರನ್ನ ತುಂಬಿದ್ಲು."

"ಹೂಂ."

"ನೂರ ಹದಿಮೂರು?"

ಇನಾಮದಾರರು ಪಟ್ಟಿಯಿಂದ ಕಣ್ಣೆತ್ತಲಿಲ್ಲ. "ಹದಿನೈದರಾಗ ಅದಾನವ್ವಾ," ಎಂದರು. "ನೂರರಾಗ ಒಂದ ಸಲ ಅಂದ್ರ ಆಗೂದ ಇಲ್ಲ ಅಂತಲ್ಲ. ಒಬ್ಬನ ವಿಷಯ ನನ್ನ ಶಾಸ್ತ್ರ ಹೇಳೂದಿಲ್ಲ," ಎಂದೂ ಸೇರಿಸಿದರು. ಒಳ್ಳೆಯ ಮನುಷ್ಯ, ಅದನ್ನು ಸಮಾಧಾನಕ್ಕೆ ಹೇಳಿದರು. ಅವಳಿಗೆ ಅಂಗೈಗೆ ಹಾಕಿದ ಆ ಮೊದಲ ಗುಳಿಗೆ ಕಣ್ಣ ಮುಂದೆ ಬಂದು ನಿಂತಿತು. ಬಿಳಿ ಬಣ್ಣದ್ದು, ನಡುವೆ ಒಂದು ಗೀರು.

ಫಾರಂ ತುಂಬಿದವರೇ ಅದನ್ನು ತಿದ್ದಬೇಕು, ಬೇರೆಯವರ ಕೈಯಲ್ಲಿ ಆಗದು. ಮೂರನ್ನು ಐದು ಮಾಡಿದ ಕೂಡಲೇ ತುಂಬಿದ ದನಿಗಳೆಲ್ಲ ತಾವಾಗಿಯೇ ಅಳಿಸಿಹೋಗುತ್ತವೆ. ಯಾರೂ ಮತ್ತೆ ಬಳಸಬಾರದು ಎಂದು ಯಂತ್ರವನ್ನು ಕಟ್ಟಿದ್ದೇ ಹಾಗೆ.

ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಮೊಬೈಲ್ ಹಿಡಿದು ಕೂತಳು. ಈ ಸಲ ಹೆಡ್‌ಫೋನ್ ಹಾಕಲಿಲ್ಲ. ಅವ್ವ ಹಿಟ್ಟು ನಾದುತ್ತಿದ್ದಳು. ಯಮನೂರಪ್ಪ ಎಣಿಸಿದ, ಲಾಭದಿಂದ ಮೂವತ್ತೊಂದರವರೆಗೆ, ಎಲ್ಲೂ ಕೆಮ್ಮದೆ.

"ಅವ್ವಾ, ನಾನು ನಿನಗ ಸುಳ್ಳ ಹೇಳಿದ್ದೆ."

"ಗೊತ್ತೈತಿ," ಎಂದಳು ಹುಲಿಗೆವ್ವ, ಕೈ ನಿಲ್ಲಿಸದೆ. "ಆವಾಗಿಂದ ಎಲ್ಲಾ ಐತವಾರ ಕೇಳಾಕತ್ತೀನಿ. ಆ ವಯರಿನ ಹೊರಗೂ ಕೇಳತೈತಿ ಅದು. ಕೇಳಿ ನಿನಗ ಸಮಾಧಾನ ಆಗತೈತೇನೋ ಅಂತ ಸುಮ್ನಿದ್ದೆ."

"ನಿನಗ ಆಗಲಿಲ್ಲೇನ?"

"ನನಗ ಅಂಜಿಕಿ ಬರ್ತಿತ್ತು," ಎಂದಳು ಅವ್ವ. "ನನ್ನ ತೊಡಿಮ್ಯಾಲ ತಲಿ ಇಟ್ಟು ಹೋದಾಂವ. ಉಸರು ಸಿಗಲಾರದ ಹೆಂಗ ಒದ್ದಾಡಿದಾ ಅಂತ ನಾ ಕಂಡೀನಿ. ಇಂವ ಯಾವಾಂವ, ಇಷ್ಟ ಆರಾಮ ಎಣಸಾಂವ?"

ಮಹಾನಂದಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಗುಳಿಗೆಯ ಮಾತು, ಹದಿನೈದರ ಮಾತು, ನಾಳೆ ಅಳಿಸಿಹೋಗುವ ಮಾತು ಎಲ್ಲವನ್ನೂ ಹೇಳಿದಳು. ಹಂಚು ಕಾದು ಹೊಗೆಯಾಡತೊಡಗಿತು. ಅವ್ವ ಎದ್ದು ಒಲೆ ಆರಿಸಿದಳು.

"ಆಸ್ಪತ್ರ್ಯಾಗ ಕಡೀಕ ಎಣಿಸಿದ್ದು ಐತೇನ? ಆರಕ್ಕ ನಿಂತದ್ದು?"

"ಐತಿ. ಅದು ಖರೇದ್ದು, ಅಳಸೂದಿಲ್ಲ."

"ಹಚ್ಚು."

ಮಹಾನಂದಾ ಹಚ್ಚಿದಳು. ಮೊದಲು ಬರೀ ಗೊರಗೊರ. ಆಮೇಲೆ ಸಿಟ್ಟು ಬಂದವನಂತೆ, ಒಂದೊಂದನ್ನೂ ಎಳೆದು ತರುತ್ತಾ, "ಲಾಭ... ಎರಡು... ಮೂರು..." ಅಲ್ಲಿ ತಡೆ. "ನಾಕು... ಐದು... ಆರ..." ಕೆಮ್ಮು. ಕೆಮ್ಮಿನ ನಡುವೆ, "ಸಾಕ ತಂಗಿ, ಇವತ್ತ ಇಷ್ಟ."

ಹುಲಿಗೆವ್ವ ಹಿಟ್ಟಿನ ಕೈಯನ್ನು ಮೊಬೈಲಿನ ಮೇಲೆ ಇಟ್ಟಳು, ಜ್ವರ ನೋಡುವವಳಂತೆ.

"ಇಂವ ನನ್ನ ಮಗ," ಎಂದಳು. "ಅವನ್ನ ಕಳಿಸವ್ವಾ ಇನ್ನ. ಎಷ್ಟ ದಿನಾ ಎಣಸಾಕ ಹಚ್ಚತಿ?"

ಸೋಮವಾರ ಆರೂವರೆಗೇ ಮಹಾನಂದಾ ಘಟಕದಲ್ಲಿದ್ದಳು. ಜೈತುನಬಿಯಿಂದ ಶುರುಮಾಡಿ ಹದಿನೆಂಟು ಜನರ ಮೂರನ್ನು ಐದು ಮಾಡಿದಳು. ಪ್ರತಿಯೊಬ್ಬರ ಹೆಸರನ್ನೂ ಬಾಯಿಬಿಟ್ಟು ಹೇಳಿದಳು. ಏಳು ಹೊಡೆಯಿತು. ಯಂತ್ರ ಎಲ್ಲರಿಗೂ ಫೋನ್ ಹಚ್ಚಿತು. ಜೀವಂತ ಇದ್ದವರು ಎದ್ದು, ಗಂಟಲು ಸರಿಮಾಡಿಕೊಂಡು, ಒಂದು, ಎರಡು ಎಂದು ಶುರುಮಾಡಿದರು. ಕುಷ್ಟಗಿಯ ಒಬ್ಬಾಕೆ ಒಂಬತ್ತಕ್ಕೆ ನಿಂತು, "ಇವತ್ತ ಇಷ್ಟ ನೋಡ್ರಿ ಸಿಸ್ಟರ್" ಎಂದಳು. ಯಾರ ಬಾಯಲ್ಲೂ ಲಾಭ ಇರಲಿಲ್ಲ.

ನೂರ ಹದಿಮೂರನೇ ಸಾಲು ಉಳಿದಿತ್ತು. ಅಲ್ಲಿ ಆಗಲೇ ಇವತ್ತಿನ ನೀಲಿ ಚುಕ್ಕೆ ಬಂದು ಕಾಯುತ್ತಿತ್ತು: ಮೂವತ್ತೆರಡು. ಒಮ್ಮೆ ಕೇಳಿದರೇನು ಅನ್ನಿಸಿತು. ಹೆಡ್‌ಫೋನನ್ನು ಮುಟ್ಟಿದಳು, ಆದರೆ ಎತ್ತಲಿಲ್ಲ. ಅಣ್ಣಾ ಎಂದಳು. ಮೂರನ್ನು ಅಳಿಸಿ ಐದು ಒತ್ತಿದಳು.

ದನಿಗಳು ಕೊನೆಯದರಿಂದ ಹಿಂದಕ್ಕೆ ಒಂದೊಂದಾಗಿ ಅಳಿಸಿಹೋಗತೊಡಗಿದವು. ಮೂವತ್ತೆರಡು ಹೋಯಿತು. ಮೂವತ್ತೊಂದು, ಇಪ್ಪತ್ತೆಂಟು, ಇಪ್ಪತ್ತು. ಐದು ತಿಂಗಳಲ್ಲಿ ಗಳಿಸಿದ ಉಸಿರನ್ನೆಲ್ಲ ಅವನು ಅವಳ ಕಣ್ಣ ಮುಂದೆ ಮತ್ತೆ ಕಳೆದುಕೊಂಡ. ಹನ್ನೆರಡು, ಒಂಬತ್ತು, ಏಳು. ಆರಕ್ಕೆ ಬಂದು ನಿಂತಿತು. ಅದರಾಚೆಯ ಚೌಕಗಳೆಲ್ಲ ಖಾಲಿಯಾದವು.

ಖಾಲಿ ಬಿಡುವಂತಿರಲಿಲ್ಲ, ಅವಳಿಗೆ ಗೊತ್ತಿತ್ತು. ಆರರ ಮುಂದಿನ ಚೌಕದಲ್ಲಿ ಸೊನ್ನೆ ಬರೆದಳು. ಅದರ ಮುಂದಿನದರಲ್ಲೂ ಬರೆದಳು.